ಹಿಮ್ಮಡಿಯ ಬಲ

ಆ ಭಾನುವಾರ ತೊಟ್ಟಿಗೆ ನೀರು ತುಂಬಿಸಿದೆ, ಜೋಳ ಬೀಸಿಸಿ ತಂದೆ, ಮೆಣಸಿನಕಾಯಿ ಬಿಸಿಲಿಗೆ ಹರವಿದೆ. ಸಂಜೆ ನೆರೆಮನೆಯ ಗುಮಾಸ್ತರ ಬಾಕ್ಸಿಂಗ್ ನೋಡಲು ಪುಣೆ ಹತ್ತಿರದ ಖಡಕಿಯ ದಂಡಿಗೆ ಹೋದೆ.

ದಂಡಿನ ಗೋರಾ, ಅಂದರೆ ಬಿಳಿಯ, ಸಿಪಾಯಿಗಳನ್ನು ನೋಡಿ ಕಲಿತ ಅವರು ನಾವೆಲ್ಲ ಬಾಡಿಗೆಗಿದ್ದ ವಾಡೆಯ ತೊಲೆಗೆ ಮರಳಿನ ಚೀಲ ಕಟ್ಟಿ ದಿನಾ ಗುದ್ದುತ್ತಿದ್ದರು. ನಳದ ಮುಂದೆ ನಿಂತ ಹೆಂಗಸರಿಗೂ ಅವರ ಪಾಠ ತಪ್ಪುತ್ತಿರಲಿಲ್ಲ: "ಜೋರು ತೋಳಿನ್ಯಾಗ ಇಲ್ರಿ, ಹಿಮ್ಮಡ್ಯಾಗ ಅದ. ಹಿಮ್ಮಡಿ ತಿರುಗಿದ್ರ ಟೊಂಕ ತಿರುಗ್ತದ, ಟೊಂಕ ತಿರುಗಿದ್ರ ಗುದ್ದು ಬೀಳ್ತದ."

ಅವರಿಗೆ ಬೇಕಾಗಿದ್ದು ಬೆಳಗಾವಿಯ ಮಾವನ ಒಂದು ಶಹಬ್ಬಾಸ್. ಹಳೆಯ ಪೈಲ್ವಾನರಾದ ಮಾವ ಅದನ್ನು ಮದುವೆಯ ದಿನವೂ ಕೊಟ್ಟಿರಲಿಲ್ಲ. ಆ ಸಂಜೆ ಪಂದ್ಯ ನೋಡಲು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು.

ಗುದ್ದು ನಿಜಕ್ಕೂ ಬಿತ್ತು; ಎದುರಿದ್ದ ಗೋರಾ ತೂರಾಡಿದ. ಅಷ್ಟಕ್ಕೇ ಗುಮಾಸ್ತರು ಕೈ ಇಳಿಸಿ ಮಾವನ ಕಡೆ ತಿರುಗಿದರು: "ಹಿಮ್ಮಡಿ ನೋಡಿದ್ರಿ?"

ಮರುಕ್ಷಣ ಗೋರಾನ ಗುದ್ದು ತಿಂದು ಅಂಗಾತ ಬಿದ್ದರು.

"ನೋಡಿದ್ವಿ ಅಳಿಯಂದ್ರ," ಎಂದರು ಮಾವ. "ಈಗ ಎರಡೂ ಕಾಣಾಕತ್ತಾವ." ಆಮೇಲೆ ಎದ್ದು ಹೋಗಿ ಗೋರಾನ ಬೆನ್ನು ತಟ್ಟಿ ಶಹಬ್ಬಾಸ್ ಅಂದರು.

ರಾತ್ರಿ ಗುಮಾಸ್ತರ ಮನೆಯಲ್ಲೇ ನನ್ನ ಊಟ. ನಮಗೆ ರೊಟ್ಟಿ, ಎಣ್ಣೆಗಾಯಿ. ದವಡೆ ಆಡದ ಅವರಿಗೆ ಗಂಜಿ. ಗೋರಾ ಹೊಡೆದ ಪದ್ಧತಿಯೇ ತಪ್ಪು ಎಂದು ಅವರು ಸೊಟ್ಟಬಾಯಲ್ಲಿ ವಿವರಿಸುತ್ತಲೇ ಇದ್ದರು. ಮೊದಲು ನಿದ್ದೆ ಹೋದವರು ಮಾವ, ಕೈತೊಳೆದ ಕೂಡಲೇ.