ವಿಭೂತಿ ಹಚ್ಚಿದ ಸ್ಟೆಪ್ನಿ

ನಮ್ಮ ಮನೆಗೆ ‘ಸದ್ಯಕ್ಕೆ’ ಎಂದು ಬಂದದ್ದು ಯಾವುದೂ ಹೊರಗೆ ಹೋದದ್ದಿಲ್ಲ. ರೇಷ್ಮೆ ಹುಳುಮನೆಯ ಬಾಗಿಲಿನ ಚಿಲಕ ಮುರಿದಾಗ ಸದ್ಯಕ್ಕೆಂದು ಹಗ್ಗ ಕಟ್ಟಿದೆವು. ಅದು ಸವೆದ ಮೇಲೆ ಹೊಸ ಹಗ್ಗ ಬಂತು, ಚಿಲಕ ಬರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸದ್ಯಕ್ಕೆ ರೇಷ್ಮೆ ತೋಟ ನೋಡಿಕೊಳ್ಳಲು ನಿಂತ ನನಗೂ ಈಗ ತಲೆ ನರೆತಿದೆ. ನಮ್ಮ ಕಾರಿನ ಸಣಕಲು ಸ್ಟೆಪ್ನಿಯ ಕಥೆಯೂ ಹೀಗೇ.

ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ಯುವಾಗ ಕಲ್ಲಿಗೆ ತಾಗಿ ಕಾರಿನ ಮುಂದಿನ ಟೈರು ಸೀಳಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ತೆಗೆದು ಅಲ್ಲಿಗೇ ಹಾಕಿದೆ. ಬೇರೆ ಚಕ್ರಗಳ ಪಕ್ಕ ಅದು ಬಡ ನೆಂಟನ ಹಾಗಿತ್ತು. ಮೇಲೊಂದು ಹಳದಿ ಸ್ಟಿಕ್ಕರ್, ತುಂಬ ಇಂಗ್ಲಿಷು. ಎಂಬತ್ತು ಎಂಬ ಅಂಕಿ ಮಾತ್ರ ನನಗೆ ಓದಲು ಬಂತು. ಈ ಬೆಳೆ ಆಗಲಿ, ಟೈರು ತರೋಣ ಎಂದುಕೊಂಡೆ. ಬೆಳೆಯ ಮೇಲೆ ಬೆಳೆ ಆಯಿತು. ಆಯುಧಪೂಜೆಗೆ ಕಾರು ತೊಳೆದಾಗ ಆ ಹಳದಿ ಕಣ್ಣಿಗೆ ಚುಚ್ಚಿತು. ಚಾಕುವಿನಿಂದ ಕೆರೆದು ತೆಗೆದು, ಆ ಜಾಗಕ್ಕೆ ವಿಭೂತಿ ಎಳೆದು ಕುಂಕುಮ ಇಟ್ಟೆ. ಅದಕ್ಕೂ ಒಂದು ನಿಂಬೆಹಣ್ಣು ತುಳಿಸಿದೆ.

ಕಾರು ನನಗೂ ತಂಗಿ ಸುಜಾತಳಿಗೂ ಸೇರಿದ್ದು. ಮಂಡಿಕಲ್ ಕಡೆ ಸ್ಕೂಲಿನಲ್ಲಿ ಟೀಚರಾಗಿರುವ ಅವಳು ದಿನವೂ ಅದರಲ್ಲೇ ಹೋಗುತ್ತಿದ್ದಳು.

“ಅಣ್ಣ, ಈ ಚಕ್ರ ಯಾಕೆ ಹಿಂಗೆ ಸಣ್ಣಗಿದೆ?”

“ಕಂಪನಿಯೋರೇ ಕೊಟ್ಟಿರೋದು ಕಣಮ್ಮ. ಅವ್ರಿಗಿಂತ ನಿಂಗೆ ಗೊತ್ತಾ?”

ಸ್ಟಿಕ್ಕರ್ ಇದ್ದಿದ್ದರೆ ಅವಳು ಓದುತ್ತಿದ್ದಳು.

ಒಂದು ದಿನ ತುಂತುರು ಮಳೆಯಲ್ಲಿ, ಹಾಲಿನ ಗಾಡಿ ಅಡ್ಡ ಬಂತೆಂದು ಅವಳು ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆದುಕೊಂಡು ಮೋರಿಗೆ ಇಳಿಯಿತು. ಅವಳ ಮಣಿಕಟ್ಟು ಮುರಿಯಿತು. ನಾನು ಹೋಗುವಷ್ಟರಲ್ಲಿ ಜನ ಸೇರಿದ್ದರು. “ಹೆಣ್‌ಮಕ್ಕಳ ಕೈಗೆ ಸ್ಟೀರಿಂಗ್ ಕೊಟ್ರೆ ಇನ್ನೇನಾಗ್ತದೆ ಹೇಳಪ್ಪ” ಎಂದ ಒಬ್ಬ. ನಾನು ಆ ಸಣ್ಣ ಚಕ್ರವನ್ನೇ ನೋಡುತ್ತಾ ಹೌದೆಂದು ತಲೆಯಾಡಿಸಿದೆ.

ಆಸ್ಪತ್ರೆಯಲ್ಲಿ ಅವಳು, “ನಂದೇ ತಪ್ಪಣ್ಣ, ಜೋರಾಗಿ ಒತ್ಬಿಟ್ಟೆ” ಎಂದಳು. “ಹೋಗ್ಲಿ ಬಿಡಮ್ಮ” ಎಂದೆ, ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಹಾಗೆ. ಕೈ ಕೂಡಿದ ಮೇಲೂ ಅವಳು ಕಾರು ಮುಟ್ಟಲಿಲ್ಲ. ತನಗೆ ಓಡಿಸಲು ಬರುವುದಿಲ್ಲ ಎಂದು ನಂಬಿ, ಬಸ್ಸಿನಲ್ಲಿ ಜೋತುಬಿದ್ದು ಹೋಗತೊಡಗಿದಳು.

ಕೊನೆಗೂ ಕಾರು ತೆಗೆದುಕೊಂಡು ಚಿಂತಾಮಣಿಗೆ ಟೈರು ಹಾಕಿಸಲು ಹೋದೆ. ಬದನೆಕಾಯಿ ಕೊಳ್ಳುವಾಗ ತೊಟ್ಟು ನೋಡುವ ನಾವು ಟೈರಿಗೆ ಮಾತ್ರ ವಯಸ್ಸು ಕೇಳುವುದಿಲ್ಲ. ನಾನು ಹೊಳೆಯುವ ಜೋಡಿಗೆ ಕೈ ಹಾಕಿದೆ. “ಅದು ಬರೀ ಪಾಲಿಶ್ ಸ್ವಾಮಿ” ಎಂದು ಅಂಗಡಿಯ ಬಾಷಾ ಭಾಯಿ, ಟೈರಿನ ಪಕ್ಕೆಯಲ್ಲಿ ಅಚ್ಚಾಗಿದ್ದ ತಯಾರಿಕೆಯ ವಾರ, ವರ್ಷ ತೋರಿಸಿದರು; ಹಳೇ ಮಾಲು. ಕಾರಿನ ಬಾಗಿಲ ಒಳಗೆ ಬರೆದಿರುವ ಅಳತೆಯದೇ ತಗೊಳ್ಳಿ, ಮಳೆಯಲ್ಲಿ ಹಿಂಭಾಗ ಜಾರದಂತೆ ಹೊಸ ಜೋಡಿ ಹಿಂದಕ್ಕೇ ಇರಲಿ, ಹಿಂದಿನವು ಮುಂದಕ್ಕೆ ಬರಲಿ ಎಂದರು. ಆಮೇಲೆ ಸ್ಟೆಪ್ನಿ ನೋಡಿ ನಕ್ಕರು.

“ಇದು ಸ್ಪೀಡು ಎಂಬತ್ತು ದಾಟದಂಗೆ ಮೆಲ್ಲಗೆ ಪಂಕ್ಚರ್ ಅಂಗಡಿ ಗಂಟ ಬರೋಕೆ, ಸ್ಟಿಕ್ಕರಲ್ಲೇ ಬರೆದಿರ್ತದೆ. ಮುಂದಕ್ಕಂತೂ ಹಾಕ್ಬಾರ್ದು, ಬ್ರೇಕ್ ಹಿಡಿದ್ರೆ ಎಳೀತದೆ. ನೀವು ಪೂಜೆ ಬೇರೆ ಮಾಡ್ಸಿದ್ದೀರಾ?”

ನನಗೆ ಹೊಸ ವಿಷಯವೇನೂ ಅಲ್ಲ. ಮೋರಿಯಲ್ಲಿ ಕಾರು ನೋಡಿದಾಗಲೇ ಒಳಗೊಳಗೇ ತಿಳಿದಿತ್ತು.

ಹೊಸ ಟೈರು ಹಾಕಿಸಿ ಮನೆಗೆ ಬಂದು ಸುಜಾತಳಿಗೆ ಎಲ್ಲವನ್ನೂ ಹೇಳಿದೆ, ತಲೆಯಾಡಿಸಿದ್ದನ್ನೂ.

“ಆವತ್ತೇ ಗೊತ್ತಿತ್ತಾ?”

“ಹೂಂ.”

“ಆದ್ರೂ ನಾನು ಬಸ್ಸಿಗೆ ನಿಲ್ಲೋದನ್ನ ನೀನು ನೋಡ್ಕೊಂಡೇ ಇದ್ದೆ.”

ಅವಳು ಕೀಗೆ ಕೈ ಚಾಚಿದಳು. ನಾನು ಪಕ್ಕದ ಸೀಟಿನ ಬಾಗಿಲು ತೆಗೆದಾಗ, “ನೀನು ಬರೋದು ಬೇಡ” ಎಂದಳು. ಮೊದಮೊದಲು ಕಾರು ತಡವರಿಸಿತು. ಆಮೇಲೆ ತಿರುವಿನಲ್ಲಿ ಇಂಡಿಕೇಟರ್ ಹಾಕಿ, ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ನೀಟಾಗಿ ತಿರುಗಿಸಿಕೊಂಡು ಹೋದಳು. ನಾನು ಅಂಗಳದಲ್ಲೇ ನಿಂತು ನೋಡಿದೆ. ಅವಳು ಮೊದಲಿನಿಂದಲೂ ಚೆನ್ನಾಗಿಯೇ ಓಡಿಸುತ್ತಿದ್ದಳು.