ಜಗಳೂರಿನಲ್ಲಿ ಕೊಟ್ಟ ಕಾಲಾಳು

ನ್ಯಾಮತಿ ಬಿಟ್ಟಾಗ ಬೆಳಿಗ್ಗೆ ಆರೂವರೆ. ೧೯೮೩ರ ಫೆಬ್ರುವರಿ ತಿಂಗಳ ಒಂದು ಶನಿವಾರ. ನಾನು ಪಾಠ ಹೇಳುತ್ತಿದ್ದ ಶಾಲೆಗೆ ರಜೆ ಬರೆದುಕೊಟ್ಟಿದ್ದೆ. ನನ್ನ ಚೀಲದಲ್ಲಿ ಒಂದು ಸೀರೆ, ಒಂದು ಚೆಸ್ ಪುಸ್ತಕ. ಜೊತೆಗೆ ಹೊರಟಿದ್ದ ಅತ್ತೆಯ ಚೀಲದಲ್ಲಿ ಹದಿನೈದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರನ್ನ.

"ಜಗಳೂರಲ್ಲಿ ಊಟ ಸಿಗಲ್ವೇನತ್ತೆ?" ಎಂದೆ.

"ಸಿಗ್ತೈತೆ. ನಂಬಾಕಾಗಲ್ಲ."

ಜಗಳೂರಿನಲ್ಲಿ ಭಾನುವಾರ ಚದುರಂಗದ ಪಂದ್ಯವಿತ್ತು. ಆಟ ಕಲಿಸಿದವರು ನನ್ನ ಗಂಡ. ಒಂದು ವರ್ಷ ಕಲಿಸಿದರು, ಎರಡನೇ ವರ್ಷ ಸೋಲತೊಡಗಿದರು, ಮೂರನೇ ವರ್ಷ ಅವರಿಗೆ ಪೇಪರ್ ಓದುವುದರಲ್ಲಿ ಆಸಕ್ತಿ ಹೆಚ್ಚಾಯಿತು. ಅಂದಿನಿಂದ ಒಬ್ಬಳೇ ಎರಡೂ ಕಡೆ ಆಡುತ್ತಿದ್ದೆ. ಅತ್ತೆಗೆ ಇದು ಸರಿಬೀಳಲಿಲ್ಲ. ಪಂದ್ಯದ ಕಾಗದ ಬಂದ ದಿನವೇ ತೀರ್ಪು ಕೊಟ್ಟಿದ್ದರು: "ಒಂದ್ಸಲ ಹೋಗಿ ಬರಾಣ, ನಾನೂ ಬರ್ತೀನಿ. ಗೆದ್ರೆ ಆಡ್ಕ. ಸೋತ್ರೆ ಆ ಮಣೆ ಅಟ್ಟ ಹತ್ತಬೇಕು, ತಿಳೀತಾ?" ಹೂಂ ಎಂದಿದ್ದೆ. ಆದರೆ ಆ ಮಣೆ ಇಲ್ಲದ ಸಂಜೆಗಳನ್ನು ನೆನೆದು ಅವತ್ತೇ ಪುಸ್ತಕ ಹಿಡಿದು ಕೂತಿದ್ದೆ.

ಹೊನ್ನಾಳಿಯಲ್ಲಿ ಬಸ್ ಬದಲಿಸಿದೆವು. ಸೇತುವೆಯ ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ದಾವಣಗೆರೆಯ ದಾರಿಯುದ್ದಕ್ಕೂ ಅತ್ತೆಗೆ ನನ್ನ ಹೂಟ ವಿವರಿಸಿದೆ. ಮೊದಲ ಸುತ್ತಿನಲ್ಲಿ ನನ್ನ ಎದುರಾಳಿ ಚನ್ನಗಿರಿಯ ವಕೀಲ ಶಿವಣ್ಣನವರು, ಬಿಳಿ ಕಾಯಿ ನನ್ನದು ಎಂದು ಕಾಗದದಲ್ಲೇ ಬರೆದಿತ್ತು. ಪುಸ್ತಕ ಓದಿದವರೆಲ್ಲ ಆಗ ಆಡುತ್ತಿದ್ದ ಸಿಸಿಲಿಯನ್ ಡಿಫೆನ್ಸ್ ಎಂಬ ಕಪ್ಪು ಕಾಯಿಯ ಆರಂಭವನ್ನೇ ಅವರೂ ಆಡುತ್ತಾರೆಂದು ಸುದ್ದಿಯಿತ್ತು. ಅದಕ್ಕೆ ಯಾರೂ ಕೊಡದ ಉತ್ತರವೊಂದು ನನ್ನ ಪುಸ್ತಕದಲ್ಲಿತ್ತು: ಎರಡನೇ ನಡೆಯಲ್ಲೇ ಒಂದು ಕಾಲಾಳನ್ನು ಪುಕ್ಕಟೆ ಕೊಟ್ಟುಬಿಡುವುದು. ಅದನ್ನು ತಿನ್ನಲು ಅವರ ಕಾಲಾಳು ನಡುಮಣೆಯ ಕಾವಲು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ನಡುಮಣೆ ನಮ್ಮದಾಗುತ್ತದೆ.

"ಆಟ ಸುರುವಾಗೋ ಮುಂಚೆನೇ ದಾನ ಮಾಡಾಕೆ ನೀನೇನು ಮಠ ಇಟ್ಕಂಡೀಯೇನೇ?" ಎಂದರು ಅತ್ತೆ.

"ದಾನ ಅಲ್ಲತ್ತೆ, ಆಸೆ ತೋರಿಸೋದು."

"ತಗಳ್ದೇ ಹೋದ್ರೆ?"

ಅದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ, ಏಕೆಂದರೆ ಅದು ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ಆ ಅಧ್ಯಾಯದ ಉಳಿದ ಪುಟಗಳನ್ನು ಗೆದ್ದಲು ಓದಿ ಮುಗಿಸಿತ್ತು.

ದಾವಣಗೆರೆಯಲ್ಲಿ ಒಂದು ಗಂಟೆ ಕಾದೆವು. ನಾನು ಮಂಡಕ್ಕಿ ತಿಂದೆ. ಅತ್ತೆ ಮೂಗು ಮುರಿದು ರೊಟ್ಟಿ ಬಿಚ್ಚಿದರು. ಜಗಳೂರಿಗೆ ಇಬ್ಬರಿಗೂ ಸೇರಿ ಒಂಬತ್ತು ರೂಪಾಯಿ ಟಿಕೆಟ್. ಊರು ಹತ್ತಿರವಾದಂತೆ ಹಸಿರು ಕಡಿಮೆಯಾಗಿ, ಶೇಂಗಾ ಕಿತ್ತ ಕೆಂಪು ಹೊಲಗಳು ಬಂದವು. ಒಂದು ಕಡೆ ಕುರಿಹಿಂಡು ರಸ್ತೆ ತುಂಬಿತು. ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿದ. ಕುರಿಗಳೂ ಅವಸರ ಮಾಡಲಿಲ್ಲ, ಅವನೂ ಮಾಡಲಿಲ್ಲ. ಆ ರಾತ್ರಿ ಅತ್ತೆಯ ಚಿಕ್ಕಮ್ಮನ ಮಗಳ ಮನೆಯಲ್ಲಿ ಉಳಿದೆವು.

ಭಾನುವಾರ ಒಂಬತ್ತೂವರೆಗೆ ಶಾಲೆಯೊಂದರ ಹಾಲಿನಲ್ಲಿ ಆಟ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಆಡಲು ಬಂದವರಲ್ಲಿ ನಾನೊಬ್ಬಳೇ ಹೆಂಗಸು. ಅತ್ತೆ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ವಕೀಲರು ಐವತ್ತು ದಾಟಿದವರು, ಹಣೆ ತುಂಬ ವಿಭೂತಿ, ಬಹಳ ಮರ್ಯಾದಸ್ಥರು. ನಾನು ರಾಜನ ಮುಂದಿನ ಕಾಲಾಳು ನಡೆಸಿದೆ. ಅವರು ಸಿಸಿಲಿಯನ್ ಆಡಿದರು. ಅಬ್ಬಾ ಎಂದುಕೊಂಡು, ಅವರ ಕಾಲಾಳಿನ ಬಾಯಿಗೇ ಸಿಗುವಂತೆ ನನ್ನದೊಂದನ್ನು ತಳ್ಳಿದೆ.

ವಕೀಲರು ಮಣೆ ನೋಡಿದರು, ನನ್ನನ್ನು ನೋಡಿದರು. "ಕೈ ತಪ್ಪಿರ್ಬೇಕು ಮೇಡಂ. ವಾಪಸ್ ತಗೊಳ್ರಿ, ಪರವಾಗಿಲ್ಲ."

"ಇಲ್ಲ ಸಾರ್, ನೋಡೇ ಇಟ್ಟಿದ್ದೀನಿ."

"ಆದ್ರೂ ಬ್ಯಾಡ್ರೀ. ಹೆಣ್ಮಕ್ಕಳ ಹತ್ರ ಪುಕ್ಕಟೆ ತಗಂಡು ಗೆದ್ದ ಅಂತ ಚನ್ನಗಿರಿಯಾಗೆ ನಗ್ತಾರೆ." ಅವರ ಕೈ ಬೇರೊಂದು ಕಾಲಾಳಿನತ್ತ ಹೋಯಿತು. ಒಂದು ತಿಂಗಳು ಕೂತು ಬಾಯಿಪಾಠ ಮಾಡಿದ್ದೆಲ್ಲ ಆ ಒಳ್ಳೆಯತನದಲ್ಲಿ ಕೊಚ್ಚಿಹೋಗುವುದರಲ್ಲಿತ್ತು.

ಕಿಟಕಿಯ ಕಡೆಯಿಂದ ಕುರ್ಚಿ ಸರಿದ ಸದ್ದಾಯಿತು.

"ಏನ್ರೀ ವಕೀಲ್ರೇ! ಕೊಟ್ಟಿದ್ದನ್ನ ಬ್ಯಾಡ ಅಂದ್ರೆ ಹೆಂಗ್ರೀ? ನಮ್ಮ ಕಡೆ ಹಂಗಂದ್ರೆ ಅವಮಾನ. ನನ್ನ ಸೊಸೆ ಕೈಯಾರೆ ಕೊಟ್ಟಾಳೆ, ತಗೊಳ್ರಿ!"

ಹಾಲಿಗೆ ಹಾಲೇ ನಕ್ಕಿತು. ವ್ಯವಸ್ಥಾಪಕರು ಓಡಿಬಂದು, "ಅಮ್ಮಾರೇ, ಆಟದಾಗೆ ಮಾತಾಡಂಗಿಲ್ರೀ" ಎಂದು ಕೈಮುಗಿದರು. ವಕೀಲರ ಕಿವಿ ಕೆಂಪಾಗಿತ್ತು. "ತಪ್ಪಾತು ತಾಯಿ" ಎಂದು, ಪ್ರಸಾದ ತೆಗೆದುಕೊಂಡಷ್ಟು ವಿನಯದಿಂದ ಆ ಕಾಲಾಳನ್ನು ತೆಗೆದುಕೊಂಡರು.

ಆಮೇಲಿನ ಒಂದೂವರೆ ಗಂಟೆ ನನ್ನ ಜೀವನದ ಸೊಗಸಾದ ಹೊತ್ತು. ನನ್ನ ಕುದುರೆ, ಒಂಟೆಗಳೆಲ್ಲ ಬೀದಿಗಿಳಿದಿದ್ದವು. ಅವರವು ಇನ್ನೂ ಮನೆ ಬಾಗಿಲು ತೆರೆಯುತ್ತಿದ್ದವು. ವಕೀಲರು ಎರಡು ಸಲ ಕರವಸ್ತ್ರ ತೆಗೆದರು. ಸುತ್ತ ಜನ ಸೇರಿದರು. ಅಲ್ಲೇ ನನಗೆ ಜಂಬ ತಲೆಗೇರಿದ್ದು. ಅವರ ಕುದುರೆಯೊಂದು ಒಂಟಿಯಾಗಿ ಕಂಡಿತೆಂದು ಆನೆಯನ್ನು ಓಡಿಸಿ ಹೊಡೆದೆ. ಅವರ ಅಂಚಿನ ಕಾಲಾಳನ್ನು ತಡೆದು ನಿಂತಿದ್ದದ್ದು ಅದೇ ಆನೆ. ಆ ಕಾಲಾಳು ನಡೆಯಿತು, ನಡೆಯಿತು, ಮಂತ್ರಿಯೇ ಆಯಿತು. ನಾನು ಕೈಮುಗಿದು ಸೋಲೊಪ್ಪಿಕೊಂಡೆ.

ವಕೀಲರು ಎದ್ದು ನಿಂತು ಅವರೂ ಕೈಮುಗಿದರು. "ಬೆವರಿಳಿಸಿಬಿಟ್ರಿ ಮೇಡಂ! ಇಂಥ ಆಟ ನಾನು ನೋಡಿರ್ಲಿಲ್ಲ. ಬರೋ ವರ್ಷ ನಮ್ಮ ಚನ್ನಗಿರಿಯಾಗೆ ಇಡ್ತೀವಿ, ಬರ್ಲೇಬೇಕು."

ಅತ್ತೆಗೆ ಕೇಳಿಸಿದ್ದು ಇಷ್ಟೇ. ಕೋರ್ಟಿನ ವಕೀಲರೊಬ್ಬರು ಸೊಸೆಯ ಮುಂದೆ ಎದ್ದು ಕೈಮುಗಿದದ್ದನ್ನು ಕಣ್ಣಾರೆ ಕಂಡಿದ್ದರು. "ಗೆದ್ದಾತಲ್ಲ, ನಡಿ, ಹನ್ನೆರಡೂವರೆ ಬಸ್ಸೈತೆ" ಎಂದು ಹೊರಟೇಬಿಟ್ಟರು. ನಾನು ಚೀಲ ಹೆಗಲಿಗೇರಿಸಿ ಹಿಂದೆ ನಡೆದೆ.

ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದರು, ಪಕ್ಕದ ಸೀಟಿನವರಿಗೆ ಹೇಳಿದರು. ದಾವಣಗೆರೆಯಲ್ಲಿ ತಾವೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ ತಾವೂ ತಿಂದರು. ಅವರ ಖುಷಿ ನೋಡಿ ನನಗೂ ಖುಷಿಯಾಗುತ್ತಿತ್ತು, ಮರುಗಳಿಗೆ ಕೈಯಲ್ಲಿದ್ದ ಬಜ್ಜಿಯನ್ನು ಪೊಟ್ಟಣಕ್ಕೇ ವಾಪಸ್ ಇಡುತ್ತಿದ್ದೆ. ಸುಮ್ಮನಿದ್ದರೆ ಮಣೆ ಉಳಿಯುತ್ತದೆ. ಆದರೆ ಅದರ ಮುಂದೆ ಕೂತಾಗಲೆಲ್ಲ ಅತ್ತೆಯ ಮುಖ ನೋಡಬೇಕಲ್ಲ!

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ, ಇನ್ನೂ ಬಿಸಿಲಿರುವಾಗಲೇ, ಹೇಳಿಬಿಟ್ಟೆ. "ಅತ್ತೆ, ನಾನು ಸೋತೆ. ಗೆದ್ದದ್ದು ವಕೀಲರು."

ಅತ್ತೆ ಚೀಲವನ್ನು ಕೆಳಗಿಟ್ಟರು. "ಮತ್ತೆ ಕೈಮುಗಿದ್ರಲ್ಲೇ?"

"ಅದು ಅವರ ದೊಡ್ಡತನ. ಮನೆಗೆ ಹೋಗುತ್ತಲೇ ಮಣೆ ಅಟ್ಟಕ್ಕೆ ಹಾಕ್ತೀನಿ."

"ಹಾಕು ನೋಡಾಣ!" ಅತ್ತೆಯ ದನಿಗೆ ಪಕ್ಕದ ಬೆಂಚಿನವರು ತಿರುಗಿದರು. "ಅಷ್ಟು ಜನರ ಮುಂದೆ ಎದ್ದು ನಿಂತು ತಗೊಳ್ರಿ ಅಂದೋಳು ನಾನು. ತಗಂಡು, ತಿಂದು, ಗೆದ್ದೂ ಹೋದ್ರಾ? ಬರೋ ವರ್ಷ ಚನ್ನಗಿರಿ ಅಂದ್ರಲ್ಲ, ಅಲ್ಲೀತನ್ಕ ಸಂಜೆ ಅಡಿಗೆ ನಂದು. ಗೆಲ್ಲೋವರ್ಗೂ ನೀನು ಮಣೆ ಬಿಟ್ಟು ಏಳಂಗಿಲ್ಲ."

ನ್ಯಾಮತಿಯ ಬಸ್ ಬಂತು. ಅತ್ತೆ ಎಲ್ಲರನ್ನೂ ನೂಕಿಕೊಂಡು ಹತ್ತಿ, ಕಿಟಕಿ ಪಕ್ಕದ ಸೀಟಿಗೆ ಚೀಲ ಒಗೆದು ನನ್ನನ್ನು ಕೂಗಿದರು.

"ಬಾ, ಕುಂತ್ಕ. ಆ ಕುದುರೆ ಹೆಂಗೆ ನಡೀತೈತೆ, ಮೊದ್ಲು ಅದನ್ನ ಹೇಳ್ಕೊಡು."