ನಮ್ಮ ಮನೆಯವರು ಬಿಚ್ಚಿದ ಸರ್ವರ್

ನಮ್ಮ ಮನೆಯವರ ಹೆಸರು ಬಾಲರಾಜು. ಕೂಟಗಲ್‌ನಲ್ಲಿ ಎಸಿ ಬಾಲರಾಜು ಅಂದರೆ ನನ್ನ ಅಂಗನವಾಡಿ ಮಕ್ಕಳೂ ಮನೆ ತೋರಿಸುತ್ತವೆ. ಮನೆಯಲ್ಲಿ ಎಸಿ ಇಲ್ಲ. ಇರುವುದು ಥರ್ಮಾಮೀಟರು, ಅದೂ ನಾಲ್ಕು. ರೇಷ್ಮೆ ಸಾಕುವ ಹುಳು ಮನೆಯಲ್ಲೊಂದು, ನಡುಮನೆಯಲ್ಲೊಂದು, ಫ್ರಿಜ್ಜಿನೊಳಗೊಂದು, ಇನ್ನೊಂದು ಅವರ ಶರ್ಟಿನ ಜೇಬಿನಲ್ಲಿ. ಮೊಸರು ಸರಿಯಾಗಿ ಆಗಲಿಲ್ಲ ಅಂದರೆ ಹೆಪ್ಪು ಹಾಕಿದ ನನ್ನನ್ನು ಏನೂ ಕೇಳುವುದಿಲ್ಲ, ಸೀದಾ ಗೋಡೆಯ ಥರ್ಮಾಮೀಟರು ನೋಡುತ್ತಾರೆ. ಈ ಮನುಷ್ಯನ ಜೊತೆ ಇಪ್ಪತ್ತಾರು ವರ್ಷ ಏಗಿದ್ದೇನೆ. ಮೂವತ್ತು ಚಿಕ್ಕ ಮಕ್ಕಳನ್ನು ಸಂಭಾಳಿಸುವುದು ಇದಕ್ಕಿಂತ ಸಲೀಸು.

ಬಿಸಿಯೆಂದರೆ ಅವರಿಗೆ ಹೆದರಿಕೆ. ಅದು ಶುರುವಾಗಿದ್ದು ಹುಳು ಮನೆಯಲ್ಲೇ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬೇಸಿಗೆ ಮಧ್ಯಾಹ್ನ, ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟು ಅಂತ ಅಪ್ಪ ರಾಮಲಿಂಗಯ್ಯನವರು ಹೇಳಿ ಹೋಗಿದ್ದರಂತೆ. ಇವರು ಮರೆತು ಈಜಲು ಹೋದರು. ವಾಪಸ್ ಬರುವಷ್ಟರಲ್ಲಿ, ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ದಾಟಿ ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ತಟ್ಟೆಗಟ್ಟಲೆ ಸತ್ತುಬಿದ್ದಿದ್ದವು. ಮಾವನವರು ಬೈಯಲಿಲ್ಲ, ಹೊಡೆಯಲೂ ಇಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದರೋ ಏನೋ.

ಆಮೇಲೆ ಐಟಿಐನಲ್ಲಿ ಎಸಿ ರಿಪೇರಿ ಕಲಿತರು. ಅಲ್ಲಿ ಇಲ್ಲಿ ದುಡಿದು ಕೊನೆಗೆ ಹಾರೋಹಳ್ಳಿಯ ಒಂದು ಕಾರ್ಖಾನೆಯ ಸರ್ವರ್ ರೂಮಿಗೆ ಸೇರಿದರು. ಸರ್ವರ್ ಅಂದರೆ ಇಡೀ ಕಾರ್ಖಾನೆಯ ಹಾಜರಿ, ಆರ್ಡರು, ಯಾವ ಲಾರಿಗೆ ಏನು ತುಂಬಬೇಕು ಅನ್ನುವುದೆಲ್ಲ ತಲೆಯಲ್ಲಿಟ್ಟುಕೊಂಡಿದ್ದ ಒಂದು ಭಾರೀ ಕಂಪ್ಯೂಟರು. ಅದಕ್ಕೆ ಹಗಲೂ ರಾತ್ರಿ ಇಪ್ಪತ್ತೆರಡು ಡಿಗ್ರಿ ತಂಪು ಬೇಕು. ತಂಪು ಕೊಡುವುದು ಇವರ ಕೆಲಸ, ಮಿಷನ್ ಮುಟ್ಟುವುದು ಮಾತ್ರ ಕಂಪ್ಯೂಟರಿನವರ ಕೆಲಸ. ಹನ್ನೊಂದು ವರ್ಷ ಗಾಜಿನ ಈಚೆ ನಿಂತು ಅದನ್ನು ಕಾದರು. ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಹತ್ತು ಸೆಕೆಂಡು ಉಸಿರೇ ಆಡುವುದಿಲ್ಲ ಅಂತ ಅವರೇ ಹೇಳುತ್ತಿದ್ದರು. ಮನೆಗೆ ಬಂದರೂ ಫೋನು ಬಡಿದುಕೊಂಡರೆ ಅನ್ನದ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಅಲ್ಲಿ ಅವರಿಗೆ ಮುಕ್ತಿಯಾರ್ ಅಂತ ಒಬ್ಬ ಜೊತೆಗಾರನಿದ್ದ. ರಾಮನಗರದವನು, ಇವರಿಗಿಂತ ಹತ್ತು ವರ್ಷ ಚಿಕ್ಕವನು, ಬಾಯ್ತುಂಬ ಅಣ್ಣ ಅನ್ನುತ್ತಿದ್ದ. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ರಂಜಾನ್, ಬಕ್ರೀದಿಗೆ ಅವನ ಪಾಳಿ ಇವರು ಮಾಡುವುದು, ಯುಗಾದಿ, ಆಯುಧಪೂಜೆಗೆ ಇವರ ಪಾಳಿ ಅವನು. ಹಬ್ಬದ ಮಾರನೇ ದಿನ ನನ್ನ ಒಬ್ಬಟ್ಟು ಅವನ ಡಬ್ಬಿಗೆ ಹೋಗುತ್ತಿತ್ತು, ಅವನ ಹೆಂಡತಿ ಅನೀಸಾ ಮಾಡಿದ ಶಾವಿಗೆ ಪಾಯಸ ನಮ್ಮ ಡಬ್ಬಿಗೆ ಬರುತ್ತಿತ್ತು.

ಆರು ವರ್ಷದ ಹಿಂದಿನ ಆಯುಧಪೂಜೆಯಲ್ಲಿ ಅದೆಲ್ಲ ನಿಂತಿತು. ಅವತ್ತು ಕಾರ್ಖಾನೆಯ ಎಲ್ಲ ಮಿಷನ್ನಿಗೂ ವಿಭೂತಿ, ಕುಂಕುಮ, ಹೂವು ಆಯಿತು. ಸರ್ವರಿಗೂ ಆಯಿತು. ವರ್ಷಕ್ಕೊಂದು ದಿನ ಪೂಜೆಗೆ ಅಂತ ಅದನ್ನಿಟ್ಟಿದ್ದ ಬೀರುವಿನ ಬಾಗಿಲು ಇವರಿಗೆ ತೆಗೆದುಕೊಡುತ್ತಿದ್ದರು. ಪೂಜೆ ಮುಗಿಸಿ, ಬೂದುಗುಂಬಳ ಒಡೆದು, ಮಧ್ಯಾಹ್ನಕ್ಕೆ ಮನೆಗೆ ಬಂದರು. ಅಲ್ಲಿ ಮುಕ್ತಿಯಾರ್ ಒಬ್ಬನೇ ಉಳಿದ. ಮೂರು ಗಂಟೆಗೆ ಸರ್ವರ್ ನಿಂತುಹೋಯಿತು. ವಿಪರೀತ ಬಿಸಿಯಾಗಿದ್ದಕ್ಕೆ ನಿಂತೆ ಅಂತ ಅದೇ ಪರದೆಯ ಮೇಲೆ ಬರೆದುಕೊಂಡಿತ್ತು. ಒಂದಿಡೀ ದಿನ ಕಾರ್ಖಾನೆಯಿಂದ ಒಂದು ಲಾರಿಯೂ ಹೊರಡಲಿಲ್ಲ.

ಎಸಿ ಓಡುತ್ತಲೇ ಇತ್ತು, ಇಪ್ಪತ್ತೆರಡೇ ತೋರಿಸುತ್ತಿತ್ತು ಅಂತ ಮುಕ್ತಿಯಾರ್ ಹೇಳಿದ. ಗಂಟೆಗೊಮ್ಮೆ ಬರೆಯುವ ಪುಸ್ತಕದಲ್ಲೂ ಇಪ್ಪತ್ತೆರಡು ಅಂತಲೇ ಇತ್ತು. ಮ್ಯಾನೇಜರ್ ನಂಬಲಿಲ್ಲ. ಎಸಿ ನಿಂತಾಗ ನಿದ್ದೆ ಹೊಡೆಯುತ್ತಿದ್ದ, ಎದ್ದು ಗಾಬರಿಯಲ್ಲಿ ಅದನ್ನು ಹಾಕಿ ಪುಸ್ತಕದಲ್ಲಿ ಸುಳ್ಳು ಬರೆದಿದ್ದಾನೆ ಅಂದರು. ಹಿರಿಯರು ಅಂತ ಇವರನ್ನು ಕರೆದು ಕೇಳಿದರು. ಇವರು ಹೇಳಿದ್ದು ಒಂದೇ ಮಾತು. "ಎಸಿ ಓಡ್ತಿದ್ರೆ ಮಿಷನ್ ಬಿಸಿಯಾಗಲ್ಲ ಸಾರ್." ಅದರ ಮೇಲೆಯೇ ಮುಕ್ತಿಯಾರ್‌ನನ್ನು ಕೆಲಸದಿಂದ ತೆಗೆದರು. ನಿದ್ದೆ ಹೊಡೆದು ಸರ್ವರ್ ಕೆಡಿಸಿದವನು ಅನ್ನುವ ಹೆಸರು ಹೊತ್ತವನನ್ನು ಹಾರೋಹಳ್ಳಿಯಲ್ಲಿ ಯಾರೂ ಎಸಿ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ.

ನಮ್ಮ ಮನೆಯವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು. ಆದರೆ ಗೊತ್ತಿಲ್ಲ ಸಾರ್ ಅನ್ನಬಹುದಿತ್ತಲ್ಲ. ನಾನು ಆಗಲೇ ಹಾಗಂದೆ. ಎರಡು ದಿನ ಮಾತು ಬಿಟ್ಟರು. ಆಮೇಲೆ ಊಟಕ್ಕೆ ಕೂತಾಗಲೋ, ಸೊಪ್ಪು ಕತ್ತರಿಸುವಾಗಲೋ, ಯಾರೂ ಏನೂ ಕೇಳದೆಯೇ ಶುರುಮಾಡುತ್ತಿದ್ದರು. "ಅವ್ನು ಪುಸ್ತಕಾನ ಮೊದ್ಲೇ ಬರ್ದಿಡೋನಲ್ಲ ಕಣೇ. ಗಂಟೆ ಹೊಡುದ್ಮೇಲೇ ಬರಿಯೋನು." ಇನ್ನೊಂದು ದಿನ, "ಮಿಷನ್ ಮುಂದೆ ಒಂದು ಹಳದಿ ದೀಪ ಉರೀತಾನೇ ಐತೆ. ಒಂದು ಫ್ಯಾನ್ ನಿಂತೋಗೈತಂತೆ. ಉಳುದ್ದು ಸಾಕು ಬುಡಿ ಅಂತವ್ರೆ ಕಂಪ್ಯೂಟರ್ನೋರು." ಆ ದೀಪ ಆರು ವರ್ಷ ಉರಿಯಿತು, ಇವರು ಆರು ವರ್ಷ ಅದನ್ನೇ ನೋಡಿದರು. ಮಿಷನ್ನಿನೊಳಗೇ ಏನಾದರೂ ಕೆಟ್ಟಿದ್ದರೆ ಮುಕ್ತಿಯಾರ್ ನಿರಪರಾಧಿ. ಒಳಗೆಲ್ಲ ಚೆನ್ನಾಗಿದ್ದರೆ ಇವರು ನೆಮ್ಮದಿಯಾಗಿ ಉಣ್ಣಬಹುದು. ಬಿಚ್ಚಿ ನೋಡದೆ ಗೊತ್ತಾಗುವಂತಿರಲಿಲ್ಲ, ಬಿಚ್ಚಲು ಇವರಿಗೆ ಅಧಿಕಾರವಿರಲಿಲ್ಲ.

ಈ ವರ್ಷ ಕಾರ್ಖಾನೆಯವರು ಎಲ್ಲವನ್ನೂ ಬೇರೆ ಕಡೆಯ ದೊಡ್ಡ ಕಂಪ್ಯೂಟರುಗಳಿಗೆ ಸಾಗಿಸಿ ಸರ್ವರ್‌ಗೆ ನಿವೃತ್ತಿ ಕೊಟ್ಟರು. ಮಾಹಿತಿಯಿದ್ದ ಡಿಸ್ಕುಗಳನ್ನು ಕಿತ್ತು ಎದುರಿಗೇ ಪುಡಿ ಮಾಡಿಸಿದರು. ಉಳಿದ ಮೈಯನ್ನು, ಹೊಸದಾಗಿ ಬಂದಿದ್ದ ಮ್ಯಾನೇಜರ್, "ಇಷ್ಟು ವರ್ಷ ಕಾದಿದ್ದೀರ, ನೀವೇ ತಗೊಂಡು ಹೋಗಿ" ಅಂದರಂತೆ. ಗೂಡ್ಸ್ ಆಟೋದಲ್ಲಿ ತಂದರು. ಇಳಿಸುವುದಕ್ಕೆ ಮೂರು ಜನ ಬೇಕಾಯಿತು. ಹುಳು ಮನೆ ಖಾಲಿ ಇತ್ತು, ಧೂಳಿಲ್ಲದ ಜಾಗ ಅಂತ ಅಲ್ಲೇ ಇಟ್ಟು ನನ್ನ ಹಳೇ ಸೀರೆ ಹೊದಿಸಿದರು.

ಅಷ್ಟೇ. ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಹೋಗುವುದು, ಸೀರೆಯ ತುದಿ ಎತ್ತುವುದು, ಬಿಡುವುದು. ಇಪ್ಪತ್ತು ದಿನ ಇದೇ ಆಯಿತು. ಊಟ ಅರ್ಧ, ನಿದ್ದೆ ಅರ್ಧ. ನನಗೂ ಹೆದರಿಕೆಯಿತ್ತು. ಆದರೆ ನನ್ನ ಹೆದರಿಕೆ ಹೊರಬರುವುದು ಸಿಟ್ಟಾಗಿಯೇ. "ರೀ, ಚಾಕಿ ಮರಿಹುಳು ಮುಂದಿನ ವಾರ ಬತ್ತವೆ. ಬಿಚ್ಚೋದಾದ್ರೆ ಬಿಚ್ಚಿ, ಇಲ್ಲಾಂದ್ರೆ ಗುಜರಿಗೆ ಹಾಕಿ. ಹುಳಾನ ನನ್ನ ತಲೆ ಮೇಲೆ ಸಾಕ್ಲಾ?" ಅಂದೆ. ಆ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಳೇ ಪಂಚೆ ಹಾಸಿ, ಸ್ಕ್ರೂಡ್ರೈವರ್ ಹಿಡಿದು ಕೂತರು.

ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ. ಮುಚ್ಚಳದ ಮೇಲೊಂದು ಹಿಡಿ, ಎತ್ತಿದರೆ ತಾನೇ ಹಿಂದಕ್ಕೆ ಸರಿಯಿತು. ಮುಚ್ಚಳದ ಒಳಮೈಗೆ ಇಡೀ ಮಿಷನ್ನಿನ ನಕ್ಷೆ ಅಂಟಿಸಿದ್ದರು. ಓಡುತ್ತಿರುವಾಗಲೇ ಕೀಳಬಹುದಾದ ಕಡೆ ಕಂದುಗೆಂಪು ಹಿಡಿ, ನಿಲ್ಲಿಸಿ ಕೀಳಬೇಕಾದ ಕಡೆ ನೀಲಿ. ಒಂದೇ ಒಂದು ಕಡೆ ಸ್ಕ್ರೂ ಬಿಚ್ಚಬೇಕಿತ್ತು, ಅದಕ್ಕೆ ಬೇಕಾದ ಕೀಲಿಯನ್ನೂ ಒಳಗೇ ಸಿಕ್ಕಿಸಿಟ್ಟಿದ್ದರು. ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. "ಯಾವನೋ ಪುಣ್ಯಾತ್ಮ, ನಾಳೆ ಇದ್ನ ಬಿಚ್ಚೋನ್ಗೆ ತೊಂದ್ರೆ ಆಗ್ಬಾರ್ದು ಅಂತ ಯೋಚ್ನೆ ಮಾಡವ್ನೆ" ಅಂದರು.

ಒಂದೊಂದಾಗಿ ತೆಗೆದು ಹುಳು ಸಾಕುವ ತಟ್ಟೆಗಳಲ್ಲಿ ಜೋಡಿಸುತ್ತ ಹೋದರು. ಮೆಮೊರಿ ಅನ್ನುವ ನೆನಪಿನ ಪಟ್ಟಿಗಳು ನಲವತ್ತೆಂಟು, ಅಂಚಿಗೆಲ್ಲ ಚಿನ್ನದ ಲೇಪ. ಕರೆಂಟು ಕೊಡುವ ಪೆಟ್ಟಿಗೆಗಳು ನಾಲ್ಕು, ಎರಡು ಸತ್ತರೂ ಉಳಿದೆರಡು ಸಾಕಂತೆ. ಲೆಕ್ಕ ಮಾಡುವ ಚಿಪ್‌ಗಳ ಮೇಲೆ ಬಿಸಿ ಹೀರುವ ತಾಮ್ರದ ರೆಕ್ಕೆಗಳ ದಿಮ್ಮಿ. ಅದನ್ನು ಎರಡು ಕೈಯಲ್ಲಿ ಎತ್ತಿ ನನಗೆ ಕೊಟ್ಟರು, ಹಸುಗೂಸು ಕೊಡುವಷ್ಟು ಹುಷಾರಾಗಿ. ಹಿತ್ತಾಳೆ, ತಾಮ್ರ ತಿಕ್ಕಿ ತಿಕ್ಕಿ ಬೇಸತ್ತವಳು ನಾನು. ನನಗೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಗಾಳಿಯ ದಾರಿ. "ಇಲ್ನೋಡೇ. ಮುಂದಿನ್ ಬಾಯಿಂದ ಗಾಳಿ ಒಳಿಕ್ ಬರ್ಬೇಕು, ಈ ತಡೆ ಇರೋದ್ರಿಂದ ಆಚೀಚೆ ಹೋಗಂಗೇ ಇಲ್ಲ. ಗದ್ದೆಗೆ ನೀರು ಬುಟ್ಟಂಗೆ ಬುಟ್ಟವ್ರೆ. ಹಿಂದ್ಗಡೆಯಿಂದ ಬಿಸಿ ಹೊರಿಕ್ ಹೋಯ್ತದೆ." ಮುಖ ಬೆವೆತಿತ್ತು, ಕಣ್ಣು ಮಾತ್ರ ಅರಳಿತ್ತು. ಮದುವೆಯಾದ ಹೊಸದರಲ್ಲಿ ನೋಡಿದ್ದ ಮುಖ. ಒಳಗೆಲ್ಲ ಚೆನ್ನಾಗಿಯೇ ಇದೆ, ದೇವರೇ, ಹೀಗೇ ಮುಗಿಯಲಿ ಅಂತ ನಾನು ಬೇಡಿಕೊಂಡೆ. ಮುಕ್ತಿಯಾರ್ ತಪ್ಪಿತಸ್ಥನಾಗಿಯೇ ಉಳಿಯಲಿ ಅಂತ ಬೇಡಿಕೊಳ್ಳುತ್ತಿದ್ದೇನೆ ಅನ್ನುವುದು ಆಗ ಹೊಳೆಯಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಫ್ಯಾನುಗಳನ್ನು ಕೊನೆಗೆ ಉಳಿಸಿಕೊಂಡಿದ್ದರು. ಬೇಕಂತಲೇ ಅಂತ ನನಗೆ ಗೊತ್ತು. ಎಂಟು ಇದ್ದವು. ಒಂದು ನಿಂತರೆ ಉಳಿದ ಏಳು ಜೋರಾಗಿ ತಿರುಗಿ ಅದರ ಕೆಲಸವನ್ನೂ ಮಾಡುತ್ತವೆ ಅಂತ ಹೇಳುತ್ತ ಒಂದೊಂದೇ ಎಳೆದು ಬೆರಳಿನಿಂದ ಸುತ್ತಿಸಿದರು. ಏಳೂ ಸರಾಗವಾಗಿ ತಿರುಗಿದವು. ಎಡದಿಂದ ಮೂರನೆಯದು ತಿರುಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು. "ಏನ್ರೀ?" ಅಂದೆ. ನನ್ನ ಕೈಗೆ ಕೊಟ್ಟರು.

ನಡುವಿನ ಗುಬುಟಿಗೆ ನಾರು ಬಿಗಿಯಾಗಿ ಸುತ್ತಿಕೊಂಡಿತ್ತು. ಹೂ ಕಟ್ಟುವ ಬಾಳೆನಾರು. ಅದರ ಜೊತೆ ಕೆಂಪು ಉಲ್ಲನ್ ದಾರದ ಒಂದು ಎಳೆ. ರೆಕ್ಕೆಗಳ ಸಂದಿಯಲ್ಲಿ ಒಣಗಿ ಟೀ ಪುಡಿಯಂತಾಗಿದ್ದ ಸೇವಂತಿಗೆ ಎಸಳು. ಹಾರದ ಎರಡು ತುದಿಗೂ ಅಂಗನವಾಡಿಯಲ್ಲಿ ಉಳಿದ ಕೆಂಪು ಉಲ್ಲನ್ ಕಟ್ಟುವ ಅಭ್ಯಾಸ ಈ ಊರಿನಲ್ಲಿ ಇರುವುದು ನನಗೊಬ್ಬಳಿಗೇ.

ಆ ವರ್ಷ ಇವರನ್ನು ಸೂಪರ್‌ವೈಸರ್ ಮಾಡಿದ್ದರು. ಪ್ರತಿ ವರ್ಷ ಒಂದು ಮೊಳದ ಹಾರ ಕೊಡುತ್ತಿದ್ದೆ, ಬೀರುವಿನ ಹಿಡಿಗೆ ಹಾಕಿ ಬರುತ್ತಿದ್ದರು. ಆ ವರ್ಷ ಹೆಮ್ಮೆಗೆ ಆರು ಮೊಳ ಕಟ್ಟಿ, ಬಾಡದಿರಲಿ ಅಂತ ನೀರು ಚಿಮುಕಿಸಿ ಕೊಟ್ಟಿದ್ದೆ. ಇವರು ಅದನ್ನು ಮಿಷನ್ನಿನ ಮುಖದ ತುಂಬ ಮೂರು ಸುತ್ತು ಹಾಕಿದ್ದರು. ಮುಖ ಅಂದರೆ ಗಾಳಿ ಒಳಗೆ ಹೋಗುವ ಬಾಯಿ. ಬಿಸಿ ಬಿಸಿ ಅಂತ ಇಡೀ ಜನ್ಮ ಹೆದರಿದ ಮನುಷ್ಯ ತಾನೇ ಅದರ ಬಾಯಿ ಕಟ್ಟಿ, ಕೈಮುಗಿದು, ಮನೆಗೆ ಬಂದು ಹೋಳಿಗೆ ಉಂಡಿದ್ದರು.

"ಅವ್ನು ಸರ್ಯಾಗೇ ಬರ್ದಿದ್ದ" ಅಂದರು. ಹೋಗೋಣ ನಡೀರಿ ಅಂದೆ. ಏನಂತ ಹೋಗಲಿ, ಬಾಗಿಲು ಹಾಕಿಬಿಟ್ಟರೆ, ಬೈದರೆ ಅಂದರು. ಬೈಯಲಿ, ಬೈಸಿಕೊಂಡು ಬರೋಣ ಅಂದೆ. ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಫ್ಯಾನನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ರಾಮನಗರ ಬರುವವರೆಗೂ ಅದನ್ನು ಕೆಳಗಿಡಲಿಲ್ಲ. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಮುಕ್ತಿಯಾರ್ ಮನೆಯ ಮುಂದೆ ಸೈಕಲ್ ಒರೆಸುತ್ತಿದ್ದ. ಈಗ ಅವನು ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ, ಗೂಡು ಬೇಯಿಸುವ ಕುದಿನೀರಿನ ಮುಂದೆ ನಿಲ್ಲುತ್ತಾನೆ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಮ್ಮನ್ನು ಕಂಡು ಎದ್ದು ನಿಂತ, ಬನ್ನಿ ಅನ್ನಲಿಲ್ಲ. ಇವರು ಪೇಪರ್ ಬಿಚ್ಚಿ ಫ್ಯಾನನ್ನು ಅವನ ಕೈಗಿಟ್ಟು, "ತಪ್ಪು ನಂದು ಕಣಪ್ಪ" ಅಂದರು. ಅವನು ನಾರನ್ನು ನೋಡಿದ. ಮುಖದಲ್ಲಿ ಏನೂ ಆಶ್ಚರ್ಯ ಕಾಣಲಿಲ್ಲ.

"ನಂಗೊತ್ತಿತ್ತು ಅಣ್ಣ" ಅಂದ. "ಮಿಷನ್ ಕಿರುಚ್ಕೊಳಕ್ಕೆ ಶುರು ಮಾಡ್ತು. ಓಡೋಗಿ ನೋಡ್ತೀನಿ, ಹಾರ ಬಾಯಿಗೆ ಅಂಟ್ಕೊಂಡೈತೆ, ಒಂದು ತುದಿ ಒಳಿಕ್ ಹೋಗೈತೆ. ಕಿತ್ತು ಟೇಬಲ್ ಮೇಲೆ ಇಟ್ಟೆ. ಅಷ್ಟೊತ್ತಿಗೆ ನಿಂತೋಯ್ತು."

"ಅವತ್ತೇ ಯಾಕ್ ಹೇಳ್ನಿಲ್ಲಪ್ಪ?"

"ಪೂಜೆ ಹಾರದಿಂದ ಮಿಷನ್ ನಿಂತೋಯ್ತು, ಹಾರ ನಾನೇ ಕಿತ್ತೆ ಅಂತ, ಅಷ್ಟು ಜನದ ಮುಂದೆ ನಾನು ಹೇಳಕ್ಕಾಯ್ತದಾ ಅಣ್ಣ? ಮಾರನೇ ದಿನ ಹಾರ ಟೇಬಲ್ ಮೇಲೆ ಇದ್ದುದ್ನ ನೀವು ನೋಡುದ್ರಿ. ನೀವೇ ಕೇಳ್ತೀರ ಅಂತ ಕಾಯ್ತಿದ್ದೆ."

ನಾನು ಇವರ ಮುಖ ನೋಡಿದೆ. ತಲೆ ತಗ್ಗಿಸಿದರು. ಹಾರ ನೋಡಿದ್ದರು. ಆರು ವರ್ಷದಲ್ಲಿ ಒಮ್ಮೆಯೂ ನನಗೆ ಹೇಳಿರಲಿಲ್ಲ.

"ನಾಳೇನೇ ಹೋಗಿ ಮ್ಯಾನೇಜರ್‌ಗೆ ಎಲ್ಲಾ ಹೇಳ್ತೀನಿ" ಅಂದರು ಕೊನೆಗೆ.

"ಅವ್ರಿಗ್ ಬ್ಯಾಡ ಬುಡಿ. ಅವತ್ತು ಇದ್ದೋರ್ಯಾರೂ ಈಗಿಲ್ಲ ಅಲ್ಲಿ." ಮುಕ್ತಿಯಾರ್ ಫ್ಯಾನನ್ನು ಇವರ ಕೈಗೇ ವಾಪಸ್ ಕೊಟ್ಟ. "ಒಳ್ಗಡೆ ಅನೀಸಾ ಅವ್ಳೆ. ಅವತ್ತೇ ಎಲ್ಲಾ ಹೇಳ್ದೆ. ನಂಬ್ನಿಲ್ಲ. ನೀನು ನಿದ್ದೆ ಹೊಡ್ದಿರ್ತೀಯ, ಬಾಲರಾಜಣ್ಣ ಸುಳ್ಳು ಹೇಳೋರಲ್ಲ ಅಂತಾಳೆ. ಇವತ್ತಿಗೂ ಹಂಗೇ ಅಂತಾಳೆ. ಅವ್ಳಿಗೊಂದು ಮಾತು ಹೇಳೋಗಿ ಅಣ್ಣ."

ಒಳಗಿನಿಂದ ಯಾರು ಬಂದಿದ್ದು ಅಂತ ಅನೀಸಾ ಕೇಳುವ ದನಿ ಬಂತು. ಇವರು ಚಪ್ಪಲಿ ಬಿಟ್ಟರು, ಹೊಸಲಿನ ಹತ್ತಿರ ಹೋಗಿ ನಿಂತುಬಿಟ್ಟರು. ನಾನೂ ಚಪ್ಪಲಿ ಬಿಟ್ಟು ಅವರ ಪಕ್ಕಕ್ಕೆ ಹೋದೆ. ಹಾರ ಕಟ್ಟಿದವಳು ನಾನು. ಮೊದಲ ಮಾತು ನಾನೇ ಆಡಿದೆ.